ಸಿಎಫ್‌ಇ ಒಪ್ಪಂದ: ಉಲ್ಲಂಘನೆ ಆಗಿದೆ ಅಂತ ತೀರ್ಮಾನಿಸುತ್ತಿದ್ದವರು ಯಾರು?

ಹೇಮಾವತಿ_ಓದುಗ (ಪ್ರಶ್ನೆ)

ಯುರೋಪಿನ ಸಾಂಪ್ರದಾಯಿಕ ಸೇನಾಬಲ ಒಪ್ಪಂದ, ಅಂದರೆ ಸಿಎಫ್‌ಇ ಬಗ್ಗೆ ಓದುತ್ತಿದ್ದೇನೆ. 1990ರ ನವೆಂಬರ್ 19ರಂದು ಪ್ಯಾರಿಸ್‌ನಲ್ಲಿ 22 ದೇಶಗಳು ಸಹಿ ಹಾಕಿದ್ದು. ಅಂಕಿಗಳು ಸುಲಭ. ಅಟ್ಲಾಂಟಿಕ್‌ನಿಂದ ಉರಲ್ ಪರ್ವತದವರೆಗಿನ ಪ್ರದೇಶದಲ್ಲಿ ನ್ಯಾಟೋ ಗುಂಪಿಗೂ ಸೋವಿಯತ್ ನೇತೃತ್ವದ ವಾರ್ಸಾ ಗುಂಪಿಗೂ ತಲಾ 20,000 ಟ್ಯಾಂಕ್, 30,000 ಆರ್ಮರ್ಡ್ ವಾಹನ, 20,000 ಫಿರಂಗಿ, 6,800 ಯುದ್ಧವಿಮಾನ, 2,000 ದಾಳಿ ಹೆಲಿಕಾಪ್ಟರ್.

ತಲೆಗೆ ಹತ್ತದೇ ಇರುವುದು ಜಗಳದ ಭಾಗ. ತಪಾಸಣಾ ತಂಡ ಹೋಗಿ ಎಣಿಸಿ ಬಂದರೆ ಮುಗಿಯಿತಲ್ಲ, ಟ್ಯಾಂಕ್ ಏನು ಜೇಬಲ್ಲಿ ಬಚ್ಚಿಡುವ ವಸ್ತುವೇ? ಹಾಗಿದ್ದರೂ ವರ್ಷಾನುಗಟ್ಟಲೆ ವಿವಾದ ನಡೆದದ್ದು ಹೇಗೆ? ಒಂದು ದೇಶ ‘ನೀನು ಉಲ್ಲಂಘಿಸಿದ್ದೀಯ’ ಅಂದಾಗ ಅದನ್ನು ತೀರ್ಮಾನಿಸುವವರು ಯಾರು? ರಷ್ಯಾ ‘ಫ್ಲ್ಯಾಂಕ್ ಮಿತಿ’ (ಉತ್ತರ, ದಕ್ಷಿಣ ಅಂಚಿನ ವಲಯಗಳ ಮಿತಿ) ಮೀರಿತು ಅಂತ ಒಂದು ಕಡೆ ಓದಿದೆ, ಆಮೇಲೆ ಆ ಮಿತಿಯನ್ನೇ ಬದಲಿಸಿದರು ಅಂತ ಇನ್ನೊಂದು ಕಡೆ. ಜೊತೆಗೆ 2007ರಲ್ಲಿ ರಷ್ಯಾ ಒಪ್ಪಂದವನ್ನು ಅಮಾನತಿನಲ್ಲಿ ಇಟ್ಟಿತಲ್ಲ, ಹಾಗೆ ಇಡಲು ಒಪ್ಪಂದದಲ್ಲಿ ಅವಕಾಶ ಇತ್ತೇ? ಬಲ್ಲವರು ಬಿಡಿಸಿ ಹೇಳಿದರೆ ಉಪಕಾರ.

ಕೋಟೆಬಾಗಿಲು

ಮೊದಲು ನಿಮ್ಮ ‘ಯಾರು’ ಅನ್ನುವ ಪ್ರಶ್ನೆ. ಯಾರೂ ಇಲ್ಲ. ಈ ಒಪ್ಪಂದಕ್ಕೆ ನ್ಯಾಯಾಲಯವೂ ಇಲ್ಲ, ಪಂಚರೂ ಇಲ್ಲ. 16ನೇ ವಿಧಿಯಡಿ ವಿಯೆನ್ನಾದಲ್ಲಿ ಜಂಟಿ ಸಮಾಲೋಚನಾ ಗುಂಪು ಅಂತ ಒಂದಿತ್ತು, ಜೆಸಿಜಿ ಅಂತಲೇ ಕರೆಯುತ್ತಾರೆ. ಸಂದೇಹ, ಅರ್ಥಭೇದ, ಅನುಷ್ಠಾನದ ದೂರು ಎಲ್ಲ ಹೋಗುವುದು ಅಲ್ಲಿಗೇ. ಅಲ್ಲಿ ತೀರ್ಮಾನ ಸರ್ವಸಮ್ಮತಿಯಿಂದ ಮಾತ್ರ, ಒಬ್ಬ ಪ್ರತಿನಿಧಿ ತಕರಾರು ಎತ್ತಿದರೂ ತೀರ್ಮಾನ ಇಲ್ಲ. ಆರೋಪ ಹೊತ್ತ ದೇಶವೂ ಅದೇ ಮೇಜಿನ ಸುತ್ತ ಕೂತಿರುತ್ತದೆ. ಹಾಗಾಗಿ ‘ಉಲ್ಲಂಘನೆ’ ಅನ್ನುವ ಮುದ್ರೆ ಜೆಸಿಜಿಯಿಂದ ಬೀಳುವ ಮಾತೇ ಇರಲಿಲ್ಲ. ಆ ಪದ ಬರುತ್ತಿದ್ದದ್ದು ದೇಶಗಳು ತಮ್ಮ ತಮ್ಮ ಸಂಸತ್ತಿಗೆ ಕೊಡುವ ವರದಿಗಳಲ್ಲಿ.

ಇನ್ನು ಟ್ಯಾಂಕ್ ಬಚ್ಚಿಡುವ ಮಾತು. ತಲೆ ಎಣಿಕೆಯಲ್ಲಿ ಜಗಳ ಬಂದದ್ದು ಕಡಿಮೆ. ಯಾವುದು ಎಣಿಕೆಗೆ ಸೇರುತ್ತದೆ, ಯಾರ ಖಾತೆಗೆ, ಯಾವ ವಲಯದ ಖಾತೆಗೆ ಹೋಗುತ್ತದೆ, ಅದು ನಿಂತಿರುವ ನೆಲದ ಯಜಮಾನ ಒಪ್ಪಿದ್ದಾನೋ ಇಲ್ಲವೋ, ದೊಡ್ಡ ವಿವಾದಗಳೆಲ್ಲ ಇವುಗಳ ಮೇಲೆಯೇ.

ಮೊದಲ ವಿವಾದ ಸಹಿಯ ಶಾಯಿ ಆರುವ ಮೊದಲೇ ಬಂತು. ಸಹಿಗೆ ಮುಂಚೆ ಸೋವಿಯತ್ ಸೇನೆ ಹತ್ತಾರು ಸಾವಿರ ಟ್ಯಾಂಕ್, ಆರ್ಮರ್ಡ್ ವಾಹನ, ಫಿರಂಗಿಗಳನ್ನು ರೈಲಿಗೆ ಏರಿಸಿ ಉರಲ್‌ನ ಆಚೆಗೆ ಸಾಗಿಸಿತ್ತು. ಒಪ್ಪಂದದ ಪ್ರದೇಶದಿಂದ ಆಚೆ ಹೋದರೆ, ಮಿತಿ ಮೀರಿದ್ದನ್ನು ನಾಶ ಮಾಡುವ ಕಡಿತದ ಲೆಕ್ಕಕ್ಕೆ ಬರುವುದಿಲ್ಲ, ಕತ್ತರಿಸುವ ಖರ್ಚೂ ಉಳಿಯಿತು. ಇದು ಅಕ್ಷರಶಃ ಉಲ್ಲಂಘನೆಯಲ್ಲ, ಏಕೆಂದರೆ ಸಹಿಗೆ ಮೊದಲಿನ ಸಾಗಾಟವನ್ನು ಯಾರೂ ನಿಷೇಧಿಸಿರಲಿಲ್ಲ. ನಿಜವಾದ ಕಿರಿಕಿರಿ ಇನ್ನೊಂದು. ಕೆಲವು ಮೋಟರ್ ರೈಫಲ್ ಡಿವಿಷನ್‌ಗಳನ್ನು (ವಾಹನದಲ್ಲಿ ಸಾಗುವ ಕಾಲಾಳು ಪಡೆ) ಕಾಗದದ ಮೇಲೆ ನೌಕಾಪಡೆಗೆ ವರ್ಗಾಯಿಸಿ ‘ಕರಾವಳಿ ರಕ್ಷಣಾ ಪಡೆ’ ಎಂದು ಹೆಸರಿಟ್ಟರು. ಸಂಧಾನದಲ್ಲಿ ನೌಕಾಪಡೆಯನ್ನು ಹೊರಗಿಟ್ಟಿದ್ದೇವಲ್ಲ, ಹಾಗಾಗಿ ಇವು ಲೆಕ್ಕಕ್ಕಿಲ್ಲ ಅನ್ನುವ ವಾದ.

ಇಲ್ಲಿ 3ನೇ ವಿಧಿ ಓದಬೇಕು. ಅದರ ಪ್ರಕಾರ ಪ್ರದೇಶದೊಳಗಿನ ಐದೂ ಬಗೆಯ ಎಲ್ಲ ಶಸ್ತ್ರಗಳೂ ಎಣಿಕೆಗೆ ಸೇರುತ್ತವೆ, ಪಟ್ಟಿ ಮಾಡಿದ ವಿನಾಯಿತಿಗಳನ್ನು ಬಿಟ್ಟು: ತಯಾರಿಕೆ ಮತ್ತು ಪರೀಕ್ಷೆಯಲ್ಲಿರುವವು, ಸಂಶೋಧನೆಗೆ ಮಾತ್ರ ಬಳಸುವವು, ಮ್ಯೂಸಿಯಂ ಸಂಗ್ರಹ, ಸೇವೆಯಿಂದ ತೆಗೆದು ವಿಲೇವಾರಿಗೆ ಕಾಯುತ್ತಿರುವವು, ರಫ್ತಿಗೆ ಕಾಯುತ್ತಿರುವವು, ಆಂತರಿಕ ಭದ್ರತಾ ಪಡೆಗಳ ಕೆಲವು ವಾಹನಗಳು, ಹೊರಗಿನಿಂದ ಬಂದು ಹೊರಗೇ ಹೋಗುವ ದಾರಿಯಲ್ಲಿ 7 ದಿನ ಮೀರದಂತೆ ಒಳಗಿರುವವು. ಈ ಪಟ್ಟಿಯಲ್ಲಿ ನೌಕಾಪಡೆಯ ಹೆಸರಿಲ್ಲ. ಉಳಿದ 21 ದೇಶಗಳ ನಿಲುವು ಒಂದೇ ಆಗಿತ್ತು, ವಾರ್ಸಾ ಕಡೆಯ ಹಳೆಯ ಮಿತ್ರರೂ ಮಾಸ್ಕೋ ಪರ ನಿಲ್ಲಲಿಲ್ಲ.

ಬಗೆಹರಿದದ್ದು ಹೇಗೆ ಅನ್ನುವುದು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಅಮೆರಿಕದ ವಿದೇಶಾಂಗ ಸಚಿವ ಬೇಕರ್ ಮತ್ತು ಸೋವಿಯತ್ ವಿದೇಶಾಂಗ ಸಚಿವ ಬೆಸ್ಮೆರ್ತ್ನಿಖ್ 1991ರ ಜೂನ್ ಆರಂಭದಲ್ಲಿ ಲಿಸ್ಬನ್‌ನಲ್ಲಿ ಕೂತು ಮಾತು ಮುಗಿಸಿದರು. ಜೂನ್ 14ರಂದು ವಿಯೆನ್ನಾದಲ್ಲಿ ಸೋವಿಯತ್ ಒಕ್ಕೂಟ ಎರಡು ಹೇಳಿಕೆ ಕೊಟ್ಟಿತು. ಒಂದು, ಆ ನೌಕಾ ಪಡೆಗಳಲ್ಲಿರುವ ಶಸ್ತ್ರಗಳಷ್ಟನ್ನು ಒಟ್ಟು ಮಿತಿಯೊಳಗೇ ಹೊಂದಿಸುತ್ತೇವೆ ಅಂತ. ಇದು ಕಾನೂನುಬದ್ಧ. ಇನ್ನೊಂದು, ಉರಲ್ ಆಚೆ 6,000 ಟ್ಯಾಂಕ್, 1,500 ಆರ್ಮರ್ಡ್ ವಾಹನ, 7,000 ಫಿರಂಗಿ, ಒಟ್ಟು 14,500 ನಾಶ ಮಾಡುತ್ತೇವೆ ಅಂತ. ಇದು ರಾಜಕೀಯ ಮಾತು ಮಾತ್ರ. ‘ನಿನ್ನ ವಾದ ಸರಿ’ ಅಂತಲೂ ಯಾರೂ ಹೇಳಲಿಲ್ಲ, ‘ತಪ್ಪು’ ಅಂತಲೂ ಬರೆಸಿಕೊಳ್ಳಲಿಲ್ಲ. ಲೆಕ್ಕ ಮಾತ್ರ ಸರಿಯಾಯಿತು.

ನಕ್ಷೆಮನೆ

ಕೋಟೆಬಾಗಿಲು ಅವರು ಹೇಳಿದ್ದಕ್ಕೆ ತಪಾಸಣೆಯ ವಿವರ ಸೇರಿಸುತ್ತೇನೆ. ‘ಹೋಗಿ ಎಣಿಸಿ ಬರುವುದು’ ಅನ್ನುವ ಮಾತಿನಲ್ಲಿ ತುಂಬ ಅಡಗಿದೆ.

ಪ್ರತಿ ದೇಶ ಡಿಸೆಂಬರ್ 15ರೊಳಗೆ, ಮುಂದಿನ ಜನವರಿ 1ಕ್ಕೆ ಅನ್ವಯವಾಗುವಂತೆ, ತನ್ನ ಪಡೆಗಳ ಪಟ್ಟಿ ಕೊಡಬೇಕು: ಯಾವ ರೆಜಿಮೆಂಟ್ ಎಲ್ಲಿ, ಅದರ ಬಳಿ ಯಾವ ಮಾದರಿಯ ಎಷ್ಟು ಶಸ್ತ್ರ. ತಪಾಸಣೆ ಎಂದರೆ ಈ ಪಟ್ಟಿಯನ್ನು ನೆಲದ ಮೇಲೆ ತಾಳೆ ನೋಡುವುದು. ತಂಡದಲ್ಲಿ ಗರಿಷ್ಠ 9 ಜನ. ಗಡಿದ್ವಾರ ತಲುಪುವ ಕನಿಷ್ಠ 36 ಗಂಟೆ ಮೊದಲು ನೋಟಿಸ್, ಆದರೆ ಯಾವ ನೆಲೆಗೆ ಹೋಗುತ್ತೇವೆ ಅನ್ನುವುದನ್ನು ಅಲ್ಲಿ ಇಳಿದ ಮೇಲೆಯೇ ಹೇಳುವುದು. ಹೇಳಿದ ಮೇಲೆ ಆತಿಥೇಯ ದೇಶ 9 ಗಂಟೆಯೊಳಗೆ, ಬೆಟ್ಟಗಾಡಾದರೆ 15 ಗಂಟೆಯೊಳಗೆ, ಅಲ್ಲಿಗೆ ತಲುಪಿಸಬೇಕು. ನೆಲೆಯಲ್ಲಿ 48 ಗಂಟೆ ಸಮಯ. ಬೈನಾಕ್ಯುಲರ್, ಕ್ಯಾಮೆರಾ, ದಿಕ್ಸೂಚಿ, ಟಾರ್ಚ್, ಅಳತೆ ಟೇಪ್ ಒಯ್ಯಬಹುದು.

ಟೇಪ್ ಯಾಕೆ ಅಂದರೆ, 2 ಮೀಟರ್‌ಗಿಂತ ಅಗಲವಾದ ಬಾಗಿಲಿರುವ ಕಟ್ಟಡಕ್ಕೆ ಮಾತ್ರ ಪ್ರವೇಶದ ಹಕ್ಕು. ಅದಕ್ಕಿಂತ ಕಿರಿದಾದ ಬಾಗಿಲಲ್ಲಿ ಟ್ಯಾಂಕ್ ತೂರುವುದಿಲ್ಲವಲ್ಲ. ಬಾಗಿಲ ಮುಂದೆ ನಿಂತು ಚೌಕಟ್ಟಿನ ಒಳಮೈ ಅಳೆಯಬೇಕೋ ಹೊರಮೈಯೋ ಅಂತ ಮೇಜರ್‌ಗಳು ವಾದ ಮಾಡುವಂಥ ಒಪ್ಪಂದ ಇದು. ನೆಲೆ ಪಟ್ಟಿಯಲ್ಲಿಲ್ಲದಿದ್ದರೆ ಚಾಲೆಂಜ್ ತಪಾಸಣೆ ಕೇಳಬಹುದು. ಅದರ ಪ್ರದೇಶ 65 ಚದರ ಕಿ.ಮೀ. ಮೀರಬಾರದು, ಅದರ ಯಾವ ಎರಡು ಬಿಂದುಗಳ ನಡುವಿನ ಗೆರೆಯೂ 16 ಕಿ.ಮೀ. ದಾಟಬಾರದು. ಇದನ್ನು ಆತಿಥೇಯ ದೇಶ ನಿರಾಕರಿಸಬಹುದು, ಘೋಷಿತ ನೆಲೆಯದ್ದನ್ನು ಹಾಗೆ ನಿರಾಕರಿಸುವಂತಿಲ್ಲ.

ಕೋಟಾ ಬೇರೆ ಇದೆ. ಕಡಿತದ ಹಂತ ಮುಗಿದ ಮೇಲೆ, ಒಂದು ದೇಶದಲ್ಲಿ ತಪಾಸಣೆಗೆ ಒಳಪಡುವ ಘಟಕಗಳ ಪೈಕಿ ವರ್ಷಕ್ಕೆ 15% ಮಾತ್ರ ನೋಡಬಹುದು. ಆದ್ದರಿಂದ ಇದು ಸ್ಯಾಂಪಲ್ ನೋಡುವ ಪದ್ಧತಿ. ಒಂದೆರಡು ಟ್ಯಾಂಕ್ ಕಣ್ತಪ್ಪಬಹುದು, ಯುದ್ಧದ ಗತಿ ಬದಲಿಸುವಷ್ಟು ಪಡೆ ಕಣ್ತಪ್ಪಲಾರದು, ಅಷ್ಟೇ ಉದ್ದೇಶ.

ಎಡವಟ್ಟಾಗುತ್ತಿದ್ದದ್ದು ವ್ಯಾಖ್ಯೆಯಲ್ಲಿ. ಟ್ಯಾಂಕ್ ಅಂದರೆ ಕನಿಷ್ಠ 16.5 ಟನ್ ಖಾಲಿ ತೂಕ, 360 ಡಿಗ್ರಿ ತಿರುಗುವ ಕನಿಷ್ಠ 75 ಮಿ.ಮೀ. ತೋಪು. ಫಿರಂಗಿ ಅಂದರೆ 100 ಮಿ.ಮೀ. ಮತ್ತು ಮೇಲೆ. ಇವೆರಡೂ ಸಲೀಸು. ಕಷ್ಟ ಕೊಟ್ಟದ್ದು ಎಂಟಿ-ಎಲ್‌ಬಿಯಂಥ ಸೋವಿಯತ್ ವಾಹನ. ಅದರಲ್ಲಿ ಕಾಲಾಳು ತುಕಡಿ ಕೂರಿಸಿದರೆ ಸೈನಿಕ ವಾಹಕ, ಎಣಿಕೆಗೆ ಸೇರುತ್ತದೆ. ಒಳಗಿನ ಸೀಟು ತೆಗೆದು, ತುಕಡಿ ಕೂರದಂತೆ ಮಾಡಿ ಫಿರಂಗಿ ಎಳೆಯಲು ಇಟ್ಟರೆ ‘ನೋಡಲು ಹಾಗೇ ಇರುವ ವಾಹನ’. ಆಗ ಮಾಹಿತಿ ಕೊಟ್ಟರೆ ಸಾಕು, ಮಿತಿಗೆ ಸೇರುವುದಿಲ್ಲ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗದು, ಒಳಗೆ ತಲೆ ಹಾಕಲೇಬೇಕು. ಅಲ್ಲಿ ಒಮ್ಮತ ಬರದಿದ್ದರೆ ವರದಿಯಲ್ಲಿ ‘ಅಸ್ಪಷ್ಟತೆ’ ಎಂದು ಬರೆದು ಇಬ್ಬರೂ ಸಹಿ ಹಾಕುವುದು, ಮುಂದಿನದು ಜೆಸಿಜಿಗೆ.

ನಾಶ ಮಾಡುವುದಕ್ಕೂ ಇಷ್ಟೇ ಕಟ್ಟುನಿಟ್ಟು. ಟ್ಯಾಂಕನ್ನು ಕತ್ತರಿಸುವ ವಿಧಾನ ನೋಡಿ. ಟರೆಟ್, ಅಂದರೆ ತೋಪಿರುವ ತಿರುಗುವ ಮೇಲ್ಭಾಗ, ಕಳಚಬೇಕು. ತೋಪಿನ ಹಿಂಬದಿ ಮುಚ್ಚುವ ಬ್ರೀಚ್ ಬ್ಲಾಕನ್ನು ಕನಿಷ್ಠ ಎರಡು ಕಡೆ ವೆಲ್ಡ್ ಮಾಡಬೇಕು, ಇಲ್ಲವೇ ಬ್ರೀಚ್ ರಿಂಗಿನ ಒಂದು ಪಕ್ಕ ಸೀಳಬೇಕು. ನಳಿಕೆಯನ್ನು ಬ್ರೀಚ್ ರಿಂಗಿನಿಂದ 100 ಮಿ.ಮೀ. ಒಳಗೆ ತುಂಡರಿಸಬೇಕು. ಟರೆಟ್ ಕೂರುವ ರಂಧ್ರದ ಅಂಚಿನಿಂದ ತಲಾ 60 ಡಿಗ್ರಿಗೆ ಕಡಿಮೆಯಿಲ್ಲದ, 200 ಮಿ.ಮೀ. ಆಳದ ಎರಡು ತುಂಡು ಕೊಯ್ಯಬೇಕು. ಕೊನೆಗೆ ಹಲ್‌ನ, ಅಂದರೆ ಒಡಲಿನ, ಎರಡೂ ಪಕ್ಕದಲ್ಲಿ ಫೈನಲ್ ಡ್ರೈವ್ (ಚೈನು ಉರುಳಿಸುವ ಗಿಯರ್) ಕೂರುವ ಭಾಗವನ್ನೇ ಕತ್ತರಿಸಿ ತೆಗೆಯಬೇಕು. ಬರೀ ನಳಿಕೆ ಕತ್ತರಿಸಿದರೆ ಇನ್ನೊಂದು ಜೋಡಿಸಬಹುದು, ಡ್ರೈವ್ ಭಾಗ ಹೋದ ಹಲ್ ಮತ್ತೆ ಚಲಿಸದು. ಇಷ್ಟಕ್ಕೆಲ್ಲ ಗ್ಯಾಸ್, ಕಟರ್, ನುರಿತ ಕೈ, ದುಡ್ಡು ಬೇಕು. ಉರಲ್ ಆಚೆಯ 14,500 ಗಡುವಿನೊಳಗೆ ಮುಗಿಯದೆ, ಬಯಲಲ್ಲಿ ಬಿಟ್ಟು ತುಕ್ಕು ಹಿಡಿದವನ್ನೂ ಲೆಕ್ಕಕ್ಕೆ ತರುವ ಮಾತು 1996ರಲ್ಲಿ ಬಂದದ್ದರ ಹಿಂದೆ ಇದೇ ಖರ್ಚು ಇದೆ.

ಹೇಮಾವತಿ_ಓದುಗ

ಇಬ್ಬರಿಗೂ ಧನ್ಯವಾದ. ಕೋಟೆಬಾಗಿಲು ಅವರೇ, ಫ್ಲ್ಯಾಂಕ್ ವಿಷಯವನ್ನೂ ಹೀಗೇ ಬಿಡಿಸಿ. ರಷ್ಯಾ ಮಿತಿ ಮೀರಿದ್ದು ನಿಜವೋ, ಸುಳ್ಳೋ?

ಕೋಟೆಬಾಗಿಲು

ನಿಜ. ರಷ್ಯಾ ಕೂಡ ಅಲ್ಲಗಳೆಯಲಿಲ್ಲ.

ಮಧ್ಯ ಯುರೋಪಿನಿಂದ ಹಿಂತೆಗೆದ ಸೇನೆ ನಾರ್ವೆ ಅಥವಾ ಟರ್ಕಿ ಗಡಿಯಲ್ಲಿ ಬಂದು ಗುಡ್ಡೆ ಬೀಳಬಾರದು ಅಂತ 5ನೇ ವಿಧಿ ಮಾಡಿದ್ದು. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1992ರ ಮೇ 15ರಂದು ತಾಷ್ಕೆಂಟ್‌ನಲ್ಲಿ ಎಂಟು ದೇಶಗಳು ಕೋಟಾ ಹಂಚಿಕೊಂಡವು. ರಷ್ಯಾಕ್ಕೆ ಒಟ್ಟು 6,400 ಟ್ಯಾಂಕ್ ಬಂತು. ಅದರಲ್ಲಿ ಲೆನಿನ್‌ಗ್ರಾಡ್ ಮತ್ತು ಉತ್ತರ ಕಾಕಸಸ್ ಮಿಲಿಟರಿ ಜಿಲ್ಲೆಗಳೆರಡೂ ಸೇರಿ ಇಡಬಹುದಾದದ್ದು 1,300 ಟ್ಯಾಂಕ್, 1,380 ಆರ್ಮರ್ಡ್ ವಾಹನ, 1,680 ಫಿರಂಗಿ. ಇದರಲ್ಲೂ 600 ಟ್ಯಾಂಕ್, 800 ವಾಹನ, 400 ಫಿರಂಗಿ ಗೋದಾಮಿನಲ್ಲೇ ಇರಬೇಕು. ಅಂದರೆ ರಷ್ಯಾದ ಯುರೋಪು ಭಾಗದಲ್ಲಿ ಅರ್ಧಕ್ಕಿಂತ ಹೆಚ್ಚು ನೆಲ, ಅಲ್ಲಿ ಪಡೆಗಳ ಕೈಯಲ್ಲಿ ಇರಬಹುದಾದದ್ದು 700 ಟ್ಯಾಂಕ್, 580 ಆರ್ಮರ್ಡ್ ವಾಹನ.

1990ರಲ್ಲಿ ಉತ್ತರ ಕಾಕಸಸ್ ಅಂದರೆ ಒಳನಾಡು. 1992ರ ಹೊತ್ತಿಗೆ ಅದೇ ಗಡಿ. 1993ರ ಸೆಪ್ಟೆಂಬರ್‌ನಲ್ಲಿ ರಷ್ಯಾ ಅಧ್ಯಕ್ಷ ಯೆಲ್ತ್ಸಿನ್ ಪಶ್ಚಿಮದ ನಾಯಕರಿಗೆ ಪತ್ರ ಬರೆದು ಮಿತಿ ಸಡಿಲಿಸಲು ಕೇಳಿದರು. 1994ರ ಡಿಸೆಂಬರ್‌ನಲ್ಲಿ ಅದೇ ಉತ್ತರ ಕಾಕಸಸ್‌ನ ಚೆಚೆನ್ಯಾದಲ್ಲಿ ಯುದ್ಧ ಶುರು. ಕಡಿತ ಮುಗಿಸಲು ಇದ್ದ 1995ರ ನವೆಂಬರ್‌ನ ಗಡುವು ಬಂದಾಗ ರಷ್ಯಾ ಫ್ಲ್ಯಾಂಕ್‌ನಲ್ಲಿ ಮಿತಿಗಿಂತ ಬಹಳ ಮೇಲಿತ್ತು. ಒಟ್ಟು ರಾಷ್ಟ್ರೀಯ ಮಿತಿಯೊಳಗೆ ಇತ್ತು, ಇದನ್ನು ಮರೆಯಬೇಡಿ. ತಪ್ಪಿದ್ದು ಎಲ್ಲಿ ಇಡಬೇಕು ಅನ್ನುವ ಲೆಕ್ಕ.

ನ್ಯಾಟೋಗೆ ಸಂಖ್ಯೆ ಏರಿಸಲು ಮನಸ್ಸಿಲ್ಲ, ಏರಿಸಿದರೆ ಟರ್ಕಿ, ನಾರ್ವೆ ಸುಮ್ಮನಿರವು. ರಷ್ಯಾಕ್ಕೆ ಪಡೆ ತೆಗೆಯಲು ಮನಸ್ಸಿಲ್ಲ. ಹಾಗಾಗಿ ಬೇಲಿ ಜರುಗಿಸಿದರು. 1996ರ ಮೇ 31ರ ಫ್ಲ್ಯಾಂಕ್ ದಸ್ತಾವೇಜಿನಲ್ಲಿ ಸಂಖ್ಯೆ ಅದೇ ಉಳಿಯಿತು. ನಕ್ಷೆಯಿಂದ ಪ್ಸ್ಕೋವ್, ವೊಲೊಗ್ಡಾ, ವೊಲ್ಗೊಗ್ರಾಡ್, ಆಸ್ಟ್ರಖಾನ್ ಪ್ರಾಂತ್ಯಗಳು ಮತ್ತು ರೊಸ್ತೋವ್‌ನ ಪೂರ್ವಭಾಗ ಹೊರಗೆ ಬಿದ್ದವು. ಹಳೆಯ, ದೊಡ್ಡ ನಕ್ಷೆಗೆ ಇನ್ನೊಂದು ಮೇಲ್ಮಿತಿ ಹಾಕಿದರು: 1,800 ಟ್ಯಾಂಕ್, 3,700 ಆರ್ಮರ್ಡ್ ವಾಹನ, 2,400 ಫಿರಂಗಿ. ಅದನ್ನು ಮುಟ್ಟಲು 1999ರ ಮೇ 31ರವರೆಗೆ ಸಮಯ. ನೀವು ಓದಿದ ಎರಡೂ ಮಾತು ಸರಿ ಎನಿಸುವುದು ಇದರಿಂದಲೇ. ಕೂಗಾಡಿದವರು ಉಕ್ರೇನ್, ಜಾರ್ಜಿಯಾ, ಅಜರ್‌ಬೈಜಾನ್, ಮಾಲ್ಡೋವಾ. ತಾತ್ಕಾಲಿಕ ನಿಯೋಜನೆಯ ಹೆಸರಲ್ಲಿ ರಷ್ಯಾ ಪಡೆಗಳು ತಮ್ಮ ನೆಲದಲ್ಲೇ ಬೇರು ಬಿಡುತ್ತವೆ ಅನ್ನುವುದು ಅವರ ಭಯ. ಅದು ಸುಳ್ಳು ಭಯವಾಗಿರಲಿಲ್ಲ.

1999ರಲ್ಲಿ ಪಕ್ಕದ ದಾಗೆಸ್ತಾನ್‌ನಲ್ಲಿ ಕಾಳಗ, ಮತ್ತೆ ಚೆಚೆನ್ಯಾ ಯುದ್ಧ, ಮತ್ತೆ ಮಿತಿ ದಾಟಿತು. ಈ ಬಾರಿ ರಷ್ಯಾ ತಾನಾಗಿಯೇ ಹೇಳಿತು. ಅದೇ ವರ್ಷ ಸಹಿಯಾದ ಪರಿಷ್ಕೃತ ಒಪ್ಪಂದದಲ್ಲಿ ಆರ್ಮರ್ಡ್ ವಾಹನದ ಫ್ಲ್ಯಾಂಕ್ ಮಿತಿ 2,140ಕ್ಕೆ ಏರಿತು. 2002ರಲ್ಲಿ ನ್ಯಾಟೋ, ರಷ್ಯಾ ಈಗ ಮಿತಿಯೊಳಗಿದೆ ಎಂದು ಒಪ್ಪಿತು.

ಕಡತಪ್ರಿಯ

2007ರ ಪ್ರಶ್ನೆ ಯಾರೂ ಮುಟ್ಟಿಲ್ಲ, ಅದನ್ನು ನಾನು ತೆಗೆದುಕೊಳ್ಳುತ್ತೇನೆ.

ಒಪ್ಪಂದದಲ್ಲಿ ಅಮಾನತಿಗೆ ವಿಧಿ ಇಲ್ಲ. 19ನೇ ವಿಧಿಯಲ್ಲಿ ಇರುವುದು ಪೂರ್ತಿ ಹೊರಬರುವ ದಾರಿ: ಅಸಾಧಾರಣ ಘಟನೆಗಳಿಂದ ಪರಮ ಹಿತಕ್ಕೆ ಧಕ್ಕೆಯಾಗಿದೆ ಎಂದು ಕಾರಣ ಕೊಟ್ಟು, 150 ದಿನ ಮೊದಲು ತಿಳಿಸಬೇಕು. ರಷ್ಯಾ ಈ ಭಾಷೆಯನ್ನೂ 150 ದಿನವನ್ನೂ ಎರವಲು ಪಡೆದು ಅಮಾನತಿಗೆ ಹಚ್ಚಿತು. 2007ರ ಜುಲೈ 13ರ ಆದೇಶ, ಡಿಸೆಂಬರ್ 12ರಿಂದ ಜಾರಿ. ಅಂದಿನಿಂದ ಮಾಹಿತಿ ಕೊಡುವುದು, ತಪಾಸಣೆಗೆ ಬಿಡುವುದು ಎರಡೂ ನಿಂತವು. ದೊಡ್ಡದನ್ನು ಮಾಡಲು ಹಕ್ಕಿದ್ದರೆ ಚಿಕ್ಕದನ್ನೂ ಮಾಡಬಹುದು ಅನ್ನುವುದು ಅವರ ತರ್ಕ. ನನಗೆ ಇದು ಒಪ್ಪಿಗೆಯಿಲ್ಲ. ಹೊರಬಂದವನು ಜೆಸಿಜಿಯ ಕುರ್ಚಿ ಬಿಡಬೇಕು, ಬೇರೆಯವರ ಮಾಹಿತಿ ಬಿಡಬೇಕು. ಅಮಾನತಿನಲ್ಲಿಟ್ಟವನು ಕುರ್ಚಿಯಲ್ಲಿ ಕೂತೇ ಇರುತ್ತಾನೆ. ರಷ್ಯಾ ಜೆಸಿಜಿ ಸಭೆ ಬಿಟ್ಟದ್ದು 2015ರ ಮಾರ್ಚ್‌ನಲ್ಲಿ.

ಕಾರಣದ ಬೇರು 1999ರ ಇಸ್ತಾಂಬುಲ್‌ನಲ್ಲಿದೆ. ನವೆಂಬರ್ 19ರಂದು ಪರಿಷ್ಕೃತ ಒಪ್ಪಂದಕ್ಕೆ ಸಹಿ ಬಿತ್ತು, ಗುಂಪಿನ ಮಿತಿ ಹೋಗಿ ದೇಶವಾರು, ಪ್ರದೇಶವಾರು ಮಿತಿ ಬಂತು. ಅದೇ ದಿನದ ಅಂತಿಮ ದಸ್ತಾವೇಜಿನಲ್ಲಿ ರಷ್ಯಾ ಮಾತು ಕೊಟ್ಟಿತು. ಜಾರ್ಜಿಯಾದಲ್ಲಿ ವಾಜಿಯಾನಿ, ಗುಡೌತಾ ನೆಲೆಗಳನ್ನು 2001ರ ಜುಲೈ 1ರೊಳಗೆ ಮುಚ್ಚುವುದು, ಬಾತುಮಿ, ಅಖಲ್‌ಕಲಾಕಿ ಬಗ್ಗೆ ಮಾತುಕತೆ. ಮಾಲ್ಡೋವಾದಿಂದ ಒಪ್ಪಂದದ ಶಸ್ತ್ರಗಳನ್ನು 2001ರೊಳಗೆ, ಸೈನಿಕರನ್ನು 2002ರೊಳಗೆ ಹಿಂತೆಗೆಯುವುದು.

ಬಹಳಷ್ಟು ಆಯಿತು, ಇದನ್ನು ಹೇಳದೆ ಬೈಯುವುದು ನ್ಯಾಯವಲ್ಲ. ವಾಜಿಯಾನಿ ಖಾಲಿಯಾಯಿತು. ಮಾಲ್ಡೋವಾದ ಶಸ್ತ್ರಗಳು ಗಡುವಿನೊಳಗೆ ಹೋದವು. ಬಾತುಮಿ, ಅಖಲ್‌ಕಲಾಕಿ 2007ರಲ್ಲಿ ಹಸ್ತಾಂತರವಾದವು. ಉಳಿದದ್ದು ಎರಡು. ಒಂದು, ಜಾರ್ಜಿಯಾದಿಂದ ಬೇರ್ಪಟ್ಟ ಅಬ್ಖಾಜಿಯಾದ ಗುಡೌತಾ: ಮುಚ್ಚಿದ್ದೇವೆ, ಇರುವವರು ಶಾಂತಿಪಾಲಕರು ಅಂತ ರಷ್ಯಾ, ಇಲ್ಲ ಅಂತ ಜಾರ್ಜಿಯಾ. ಎರಡು, ಮಾಲ್ಡೋವಾದಿಂದ ಬೇರ್ಪಟ್ಟ ಟ್ರಾನ್ಸ್‌ನಿಸ್ಟ್ರಿಯಾದ ಕೊಲ್ಬಾಸ್ನಾ ಮದ್ದುಗುಂಡು ಗೋದಾಮು: ಸುಮಾರು 20,000 ಟನ್ ಮತ್ತು ಅದರ ಕಾವಲು ಪಡೆ. ಮದ್ದುಗುಂಡು ಒಪ್ಪಂದದ ಐದು ಬಗೆಗಳಲ್ಲಿ ಬರುವುದೇ ಇಲ್ಲ. ಆದರೂ ಇಡೀ ಒಪ್ಪಂದ ಅದರ ಮೇಲೆ ನಿಂತುಬಿಟ್ಟಿತು, ಏಕೆಂದರೆ ಇಸ್ತಾಂಬುಲ್ ಮಾತು ಪೂರ್ತಿಯಾಗುವವರೆಗೆ ಪರಿಷ್ಕೃತ ಒಪ್ಪಂದವನ್ನು ಅನುಮೋದಿಸುವುದಿಲ್ಲ ಅಂತ ನ್ಯಾಟೋ ದೇಶಗಳು ಹಿಡಿದು ಕೂತವು. ಆ ಮಾತು ದ್ವಿಪಕ್ಷೀಯ, ರಾಜಕೀಯ, ಒಪ್ಪಂದಕ್ಕೆ ಗಂಟು ಹಾಕಬೇಡಿ ಅನ್ನುವುದು ರಷ್ಯಾದ ವಾದ. ಜೊತೆಗೆ ಬಾಲ್ಟಿಕ್ ದೇಶಗಳು ನ್ಯಾಟೋ ಸೇರಿದರೂ ಸಿಎಫ್‌ಇಯ ಹೊರಗೇ ಇವೆ, ಬಲ್ಗೇರಿಯಾ ಮತ್ತು ರೊಮೇನಿಯಾದಲ್ಲಿ ಅಮೆರಿಕದ ಪಡೆ ಬರುತ್ತಿದೆ ಅನ್ನುವ ದೂರು.

ಎರಡೂ ಕಡೆಯವರು ಸಲೀಸಾಗಿ ದಾಟಿಹೋಗುವ ಒಂದು ಸಾಲು 1990ರ ಮೂಲ ಒಪ್ಪಂದದಲ್ಲೇ ಇದೆ. 4ನೇ ವಿಧಿಯ 5ನೇ ಪ್ಯಾರಾ: ಒಂದು ಸದಸ್ಯ ದೇಶ ಇನ್ನೊಂದರ ನೆಲದಲ್ಲಿ ಅದರ ಒಪ್ಪಿಗೆಯಿಲ್ಲದೆ ಸೇನೆ ಇಡುವಂತಿಲ್ಲ. ಗುಡೌತಾ, ಟ್ರಾನ್ಸ್‌ನಿಸ್ಟ್ರಿಯಾಗಳಿಗೆ ಈ ಪ್ಯಾರಾ ಒಂದೇ ಸಾಕಿತ್ತು. ಇಸ್ತಾಂಬುಲ್ ಮಾತಿಗೆ ಜೋತುಬಿದ್ದು ನ್ಯಾಟೋ ತನ್ನ ಗಟ್ಟಿ ವಾದವನ್ನು ತಾನೇ ಸಡಿಲ ಮಾಡಿಕೊಂಡಿತು ಅನ್ನುವುದು ನನ್ನ ಅಭಿಪ್ರಾಯ.

ನಕ್ಷೆಮನೆ

ಕಡತಪ್ರಿಯ ಅವರೇ, ಕೊನೆಯ ಮಾತಿಗೆ ಸ್ವಲ್ಪ ತಕರಾರಿದೆ. 4(5) ಗಟ್ಟಿ ನಿಜ, ಆದರೆ ಅದನ್ನು ಎತ್ತಿದ ಮೇಲೆ ಮುಂದೇನು? ಜೆಸಿಜಿಯಲ್ಲಿ ರಷ್ಯಾ ತಕರಾರು ಎತ್ತುತ್ತದೆ, ಅಲ್ಲಿಗೆ ನಿಂತಿತು. ಅನುಮೋದನೆಯನ್ನು ತಡೆಹಿಡಿಯುವುದೊಂದೇ ನ್ಯಾಟೋ ಕೈಯಲ್ಲಿದ್ದ ಹಿಡಿತ. ಅದು ಕೆಲಸ ಮಾಡಲಿಲ್ಲ ಅನ್ನುವುದು ಬೇರೆ ಮಾತು. ಜಾರ್ಜಿಯಾ ಜೊತೆಗಿನ 2008ರ ಆಗಸ್ಟ್ ಯುದ್ಧದ ನಂತರ ರಷ್ಯಾ ಅಬ್ಖಾಜಿಯಾವನ್ನೇ ಪ್ರತ್ಯೇಕ ದೇಶ ಎಂದು ಮಾನ್ಯ ಮಾಡಿತು. ಆಮೇಲೆ ‘ನೆಲದ ಯಜಮಾನನ ಒಪ್ಪಿಗೆ’ ಅಂದರೆ ಯಾರ ಒಪ್ಪಿಗೆ ಅನ್ನುವುದೇ ವಿವಾದ.

ರಷ್ಯಾ ಒಂದನ್ನೇ ನೋಡಿದರೆ ಚಿತ್ರ ಪೂರ್ತಿಯಾಗುವುದಿಲ್ಲ. ಅಜರ್‌ಬೈಜಾನ್, ಅರ್ಮೇನಿಯಾ ಇಬ್ಬರಿಗೂ ಒಂದೇ ಮಿತಿ: 220 ಟ್ಯಾಂಕ್, 220 ಆರ್ಮರ್ಡ್ ವಾಹನ, 285 ಫಿರಂಗಿ, 100 ವಿಮಾನ, 50 ಹೆಲಿಕಾಪ್ಟರ್. ಅಜರ್‌ಬೈಜಾನ್ ಮಿತಿ ಮೀರಿದ್ದನ್ನು ತನ್ನ ವಾರ್ಷಿಕ ಪಟ್ಟಿಯಲ್ಲೇ ತೋರಿಸುತ್ತಿತ್ತು. ಅರ್ಮೇನಿಯನ್ನರ ಹಿಡಿತದಲ್ಲಿದ್ದ ನಾಗೋರ್ನೊ-ಕರಾಬಾಖ್‌ನಲ್ಲಿರುವ ಶಸ್ತ್ರ ಯಾರ ಖಾತೆಯಲ್ಲೂ ಇಲ್ಲ, ಅಲ್ಲಿಗೆ ತಪಾಸಣೆಯೂ ಹೋಗದು, ಅದನ್ನು ಮೊದಲು ಲೆಕ್ಕಕ್ಕೆ ತನ್ನಿ ಅನ್ನುವುದು ಅಜರ್‌ಬೈಜಾನ್‌ನ ಆಗಿನ ವಾದ. ರಷ್ಯಾದಿಂದ ಅರ್ಮೇನಿಯಾಕ್ಕೆ 84 ಟಿ-72 ಟ್ಯಾಂಕ್ ಸೇರಿ ಗುಟ್ಟಾಗಿ ಶಸ್ತ್ರ ಹೋಗಿದೆ ಎಂದು 1997ರಲ್ಲಿ ಆರೋಪಿಸಿದ್ದು ರಷ್ಯಾದ ಸಂಸದ, ಮಾಜಿ ಜನರಲ್ ಲೆವ್ ರೊಖ್ಲಿನ್. ತಪಾಸಣೆಯ ಜಾಲದಲ್ಲಿ ಸಿಗದಿದ್ದದ್ದು ಮಾಸ್ಕೋದ ಒಳಜಗಳದಲ್ಲಿ ಹೊರಬಂತು.

ಹೇಮಾವತಿ_ಓದುಗ

ಒಂದೇ ಉಳಿದಿದೆ. ರಷ್ಯಾ ಬಿಟ್ಟ ಮೇಲೂ ಉಳಿದವರು ಮುಂದುವರಿಸಿದ್ದರೇ?

ಕಡತಪ್ರಿಯ

ಹೌದು. ನಾಲ್ಕು ವರ್ಷ ರಷ್ಯಾಕ್ಕೆ ಏಕಮುಖವಾಗಿ ಮಾಹಿತಿ ಹೋಗುತ್ತಲೇ ಇತ್ತು. 2011ರ ನವೆಂಬರ್ 22ರಂದು ಅಮೆರಿಕ, ರಷ್ಯಾದ ಮಟ್ಟಿಗೆ ಮಾತ್ರ ಬಾಧ್ಯತೆ ನಿಲ್ಲಿಸುತ್ತೇವೆ ಎಂದಿತು, ಮಿತ್ರ ದೇಶಗಳೂ ಹಿಂಬಾಲಿಸಿದವು. ಉಳಿದ ಸದಸ್ಯರ ನಡುವೆ ಮಾಹಿತಿ ವಿನಿಮಯ, ತಪಾಸಣೆ 2023ರವರೆಗೂ ನಡೆದವು. 2023ರ ಮೇ 10ರಂದು ಒಪ್ಪಂದ ತೊರೆಯುವ ಪ್ರಕ್ರಿಯೆಗೆ ಪುಟಿನ್ ಆದೇಶ ಹೊರಡಿಸಿದರು. ಈ ಬಾರಿ 19ನೇ ವಿಧಿಯ ಪ್ರಕಾರವೇ ತಿಳಿಸಿ, ನವೆಂಬರ್ 7ರಂದು ಪೂರ್ತಿ ಹೊರಬಂದರು. ಅದೇ ದಿನ ನ್ಯಾಟೋ ಸದಸ್ಯರು ತಾವೂ ಅಮಾನತಿನಲ್ಲಿ ಇಡುವುದಾಗಿ ಘೋಷಿಸಿದರು. ಒಪ್ಪಂದದಲ್ಲಿ ವಿಧಿಯೇ ಇಲ್ಲದ ಅದೇ ಅಮಾನತು. ಇವರ ಸಮರ್ಥನೆ ಒಪ್ಪಂದದ ಒಳಗಿನಿಂದ ಬಂದದ್ದಲ್ಲ, ಅಂತರರಾಷ್ಟ್ರೀಯ ಕಾನೂನಿನಲ್ಲಿ ತಮಗಿರುವ ಹಕ್ಕಿನಂತೆ ಅಂದರು. ಒಪ್ಪಂದ ನಿಂತಿದ್ದ ಬುನಾದಿಯ ಪರಿಸ್ಥಿತಿಯೇ ಮೂಲಭೂತವಾಗಿ ಬದಲಾದರೆ ಏನು ಮಾಡಬಹುದು ಅನ್ನುವುದು ಒಪ್ಪಂದಗಳ ಕಾನೂನಿನ ಕುರಿತ ವಿಯೆನ್ನಾ ಒಡಂಬಡಿಕೆಯ 62ನೇ ವಿಧಿಯಲ್ಲಿದೆ. 2007ರ ರಷ್ಯಾದ ವಾದವನ್ನು ಇದರ ಪಕ್ಕದಲ್ಲಿಟ್ಟು ಓದಿ. ಆ ವಿಧಿಯ ಷರತ್ತುಗಳು ಎಷ್ಟು ಬಿಗಿ ಅನ್ನುವುದು ಆಗ ಗೊತ್ತಾಗುತ್ತದೆ.